ಅಮಾಸೆಯ ಉಬ್ಬರ

ಕಾರವಾರದ ಕೋರ್ಟಿನೆದುರು ನನ್ನದೊಂದು ಜೆರಾಕ್ಸ್ ಮಷಿನ್.
ಪುಟಕ್ಕೆ ಎರಡು ರೂಪಾಯಿ.
ಹೆಸರು ಉಲ್ಲಾಸ ಪೆಡ್ನೇಕರ; ಕರೆಯುವುದು ಮಾತ್ರ
‘ಏ ಜೆರಾಕ್ಸ್’.

ಎಫ್‌ಐಆರುಗಳು ಗಾಜಿನ ಮೇಲೆ ಬೋರಲು ಮಲಗುತ್ತವೆ,
ಹಸಿರು ಬೆಳಕು ಅಡಿಯಲ್ಲಿ ಹರಿದು ಹೋಗುತ್ತದೆ,
ಬೇಡವೆಂದರೂ ಕಣ್ಣು ಓದುತ್ತದೆ.
ನನಗಿಂತ ಮೊದಲೇ ಯಾರೋ ಇದರ ನಕಲು ತೆಗೆದಿದ್ದಾರೆ
ಅನಿಸಿದ್ದುಂಟು ಎಷ್ಟೋ ಸಲ:
ಅದೇ ಕಲ್ಲು, ಅದೇ ಅವಾಚ್ಯ ಶಬ್ದ, ಅದೇ ‘ಕರ್ತವ್ಯಕ್ಕೆ ಅಡ್ಡಿ’,
ಊರು ತಾರೀಕು ಮಾತ್ರ ಬೇರೆ ಶಾಯಿ.

ಪುತಳಾಬಾಯಿ ತಾಂಡೇಲಳದ್ದೂ ಹಾಗೇ ಬಂತು.
ಅವಳು ಮಾಡಿದ್ದಿಷ್ಟೇ:
ಹೊಸ ಧಕ್ಕೆಗೆ ಗುದ್ದಲಿ ಹಾಕಲು ಬಂದ ಸಚಿವರೆದುರು ನಿಂತು
‘ನಮ್ಮ ಬಲೆ ಎಲ್ಲಿ ಒಣಗಿಸೋದು, ಸಾಯೇಬರೆ?’
ಮೈಕು ಆನಿತ್ತು.
ನಗು ಮೊದಲು ಎದ್ದದ್ದು ಹಿಂದಿನ ಸಾಲಿನಿಂದ.
ಹದಿನೈದು ದಿನಕ್ಕೆ ಕೇಸು, ಹದಿನೇಳು ಹೆಂಗಸರು.
ಜಾಮೀನಿನ ಷರತ್ತು: ದಂಡೆಗೆ ಕಾಲಿಡಕೂಡದು.
ಎಂಟು ತಿಂಗಳು ಪೇಟೆಯ ಗಟಾರದ ಬದಿ ಕೂತು
ಬೇರೆಯವರು ಹಿಡಿದ ಬಂಗಡೆ ಮಾರಿದಳು.

ಪಂಚನಾಮೆಗೆ ಪಂಚ ಬೇಕಲ್ಲ, ನಾನೇ.
ಠಾಣೆಯ ಹುಡುಗ ‘ಇಲ್ಲೊಂದು, ಇಲ್ಲೊಂದು’ ಎಂದ,
ಟೋನರು ಮೆತ್ತಿದ ಬೆರಳಲ್ಲೇ ಸಹಿ ಹಾಕಿದೆ.
ಅಂಗಡಿ ಇರುವುದು ನಗರಸಭೆಯ ಜಾಗದಲ್ಲಿ.
ಅಷ್ಟು ಹೇಳಿದರೆ ಸಾಕು.

ಹಡಗಿನ ಕುಶಿನಿಯಲ್ಲಿ ದೇಶ ಸುತ್ತಿದ ಸೋಜ ಮಾಮ
ಪೇಪರು ಮಡಚಿ ಹೇಳಿದರು:
‘ಅಮೆರಿಕದಲ್ಲೂ ಇದೇ ರಗಳೆ ಮಾರಾಯ,
ಕುರ್ಚಿಗೆ ಸಿಟ್ಟು ಬಂದರೆ ಕೇಸು ಹುಟ್ಟುತ್ತದೆ.
ಅಲ್ಲೂ ಒಬ್ಬೊಬ್ಬ ಜಡ್ಜು ಕನ್ನಡಕ ತೆಗೆದು
ಸಾಕ್ಷಿ ಎಲ್ಲಿ ಅಂತಾನಂತೆ.’
‘ಎಲ್ಲಾ ಜಡ್ಜರೂ?’
‘ಒಬ್ಬೊಬ್ಬ ಅಂದೆ.’

ನಮ್ಮ ನ್ಯಾಯಾಧೀಶೆ ಬೀದರದ ಕಡೆಯವರು,
ಸಮುದ್ರ ಕಂಡು ಇನ್ನೂ ವರ್ಷವಾಗಿಲ್ಲ.
ಕಟಕಟೆಯಲ್ಲಿ ನಾನು ಹೇಳಿಕೊಟ್ಟದ್ದನ್ನು ಹೇಳಿದೆ:
ಬೆಳಿಗ್ಗೆ ಹನ್ನೊಂದೂವರೆ, ಕರಿಬಂಡೆಯ ಪಡುವಣ ಮರಳು,
ಕಲ್ಲು ಒಂಬತ್ತು, ನನ್ನ ಸಮಕ್ಷಮ ಜಪ್ತು.
ಅವರು ತಲೆಯೆತ್ತಿದರು. ಗೊತ್ತಿಲ್ಲದವರು ಕೇಳುವ ಹಾಗೇ ಕೇಳಿದರು:
‘ಅವತ್ತು ತಿಥಿ ಏನು?’

ಗೋಡೆಯಲ್ಲಿ ಸೊಸೈಟಿ ಕೊಟ್ಟ ಕ್ಯಾಲೆಂಡರು.
ಶಿರಸ್ತೇದಾರರು ಹಾಳೆ ಮಗುಚುತ್ತ ಹೋದರು.
ತುಂಬಿದ ಕಪ್ಪು ಚುಕ್ಕೆ.
ಹಿಂದಿನ ಬೆಂಚುಗಳಲ್ಲಿ ಹದಿನೇಳು ಉಸಿರು ಒಟ್ಟಿಗೆ ಬಿಟ್ಟದ್ದು ಕೇಳಿತು.
ಇಲ್ಲಿ ಹಲ್ಲು ಬರದ ಕೂಸಿಗೂ ಗೊತ್ತು
ಅಮಾಸೆಯ ನಡುಹಗಲಿಗೆ ಸಮುದ್ರ ಎಲ್ಲಿರುತ್ತದೆಂದು.

‘ಅಲ್ಲಿ ಮರಳಿತ್ತೋ, ನೀರಿತ್ತೋ?’

ಅಂಗಡಿ ಕಂಡಿತು. ಶಟರು ಕಂಡಿತು.
ಮಗಳ ಕಾಲೇಜಿನ ಫೀ ರಸೀದಿ, ಯಾಕೋ, ಅದೂ.
ಬಾಯಿ ಒಣಗಿತ್ತು; ತೆರೆದರೆ ಬಂದದ್ದು ನೀರು.
‘ನೀರು ಮೇಡಂ. ಕುತ್ತಿಗೆಮಟ.’

ಆದೇಶ ಹದಿನಾಲ್ಕು ಪುಟ. ಹನ್ನೊಂದನೆಯದರಲ್ಲಿ ಒಂದು ಸಾಲು:
‘ಉತ್ತರ ಕೊಡಬೇಕಾದವರು ದೂರು ಕೊಟ್ಟಿದ್ದಾರೆ.’
ಆ ಹಾಳೆ ಗಾಜಿನ ಮೇಲೆ ಇಟ್ಟು
ಮುಚ್ಚಳ ಮುಚ್ಚಲು ಸ್ವಲ್ಪ ತಡವಾಯಿತು ನನಗೆ.

ಸರ್ಕಾರ ಧಾರವಾಡಕ್ಕೆ ಅಪೀಲು ಹೋಗುತ್ತದಂತೆ.
ಧಕ್ಕೆಗೆ ಕಲ್ಲು ಹೊರುವ ಲಾರಿಗಳು ನಿಂತಿಲ್ಲ.
ನಗರಸಭೆಯಿಂದ ನನಗೂ ನೋಟೀಸು ಬಂದಿದೆ,
ಅದರದ್ದೂ ಎರಡು ನಕಲು ತೆಗೆದಿಟ್ಟೆ.

ಪುತಳಾಬಾಯಿ ಬಂದಳು, ಹದಿನೇಳು ಜನಕ್ಕೆ ಹದಿನೇಳು ಪ್ರತಿ.
ನಾನೂರ ಎಪ್ಪತ್ತಾರು ರೂಪಾಯಿ, ನಾಣ್ಯಗಳಲ್ಲಿ.
ಬೇಡವೆಂದೆ. ಎಣಿಸಿಯೇ ಇಟ್ಟಳು.
ಸಹಿ ಹಾಕಿದ ಮಾತು ಇಬ್ಬರೂ ಎತ್ತಲಿಲ್ಲ.
‘ನನ್ನ ಹೆಸರು ಎಲ್ಲಿದೆ ಇದರಲ್ಲಿ?’
ತೋರಿಸಿದೆ. ಮೀನಿನ ಪೊರೆ ಅಂಟಿದ ಬೆರಳು
ಅಕ್ಷರದ ಮೇಲೆ ಒತ್ತಿ ಹಿಡಿದಳು.
‘ಬಿಸಿ ಇದೆ.’
‘ಮಷಿನಿನ ಬಿಸಿ’ ಎಂದೆ.

ಕಟ್ಟು ಬುಟ್ಟಿಯಲ್ಲಿಟ್ಟು ದಂಡೆಯ ಕಡೆ ಇಳಿದಳು,
ಗಡಿಯಾರ ನೋಡದೆ,
ನೀರು ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ.